ರಕ್ತದ ಗುಟ್ಟು ಕಂಡ ಕಾರ್ಲ್ ಲ್ಯಾಂಡ್‌ಸ್ಟೈನರ್

ರಕ್ತದಾನ ಮಾಡಿ ಬಂದವರ ಕೈಗೆ ಕೊಡುವ ಚೀಟಿಯ ಮೇಲೆ ಒಂದು ಅಕ್ಷರ ಬರೆದಿರುತ್ತದೆ: ಎ, ಬಿ, ಎಬಿ ಅಥವಾ ಓ. ಆ ಅಕ್ಷರ ನಮ್ಮಲ್ಲಿ ಬಹುಮಂದಿಗೆ ಗೊತ್ತು. ಅದಕ್ಕೆ ಕಾರಣನಾದವನ ಹೆಸರು ಗೊತ್ತಿರುವವರು ವಿರಳ. ನಾನು ಇತಿಹಾಸದ ವಿದ್ಯಾರ್ಥಿ, ವಿಜ್ಞಾನ ನನ್ನ ವಿಷಯವಲ್ಲ. ಆದರೆ ಪಾಣಿಪಟ್ಟು, ವಾಟರ್ಲೂಗಳ ತಾರೀಖುಗಳನ್ನು ಉರುಹಚ್ಚುವ ನಮಗೆ 1901ರ ನವೆಂಬರ್ 14 ಕೂಡ ನೆನಪಿಡತಕ್ಕ ದಿನವೆಂದು ತೋರಿದ್ದರಿಂದ ಈ ಲೇಖನಕ್ಕೆ ಕೈಹಾಕಿದ್ದೇನೆ. ವಿಜ್ಞಾನದ ಅಧ್ಯಾಪಕರು ನನ್ನ ಧಾರ್ಷ್ಟ್ಯವನ್ನು ಮನ್ನಿಸಬೇಕು.

ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಟ್ಟು ಬದುಕಿಸಬಹುದೆಂಬ ಆಸೆ ಹಳೆಯದು. 1667ರಲ್ಲಿ ಪ್ಯಾರಿಸ್ಸಿನ ಡೆನಿ ಎಂಬ ವೈದ್ಯನು ಕುರಿಮರಿಯ ರಕ್ತವನ್ನು ಮನುಷ್ಯನ ನರಕ್ಕೆ ಹರಿಸಿದನು. ಮುಂದೆ ಆತನ ಒಬ್ಬ ರೋಗಿ ತೀರಿಕೊಂಡು, ವಿಷಯ ನ್ಯಾಯಾಲಯಕ್ಕೆ ಹೋಗಿ, ಆ ಚಿಕಿತ್ಸೆಯೇ ನಿಂತುಹೋಯಿತು. ಲಂಡನ್ನಿನ ಬ್ಲಂಡೆಲ್ಲನು 1818ರಲ್ಲಿ ಮನುಷ್ಯರ ರಕ್ತವನ್ನೇ ಮನುಷ್ಯರಿಗೆ ಕೊಡಲಾರಂಭಿಸಿದನು. ಹೆರಿಗೆಯಲ್ಲಿ ರಕ್ತಸ್ರಾವವಾಗಿ ಸಾಯುತ್ತಿದ್ದ ತಾಯಂದಿರನ್ನು ಉಳಿಸುವುದು ಆತನ ಉದ್ದೇಶ. ಕೆಲವರು ಉಳಿದರು. ಇನ್ನು ಕೆಲವರಿಗೆ ಚಳಿ ಬಂತು, ಬೆನ್ನು ಸಿಡಿಯಿತು, ಮೂತ್ರ ಕಪ್ಪಾಯಿತು, ಪ್ರಾಣ ಹೋಯಿತು. ಯಾರು ಉಳಿಯುವರು, ಯಾರು ಹೋಗುವರು ಎಂದು ಮೊದಲೇ ಹೇಳುವ ದಾರಿಯಿರಲಿಲ್ಲ. ವೈದ್ಯನು ಜೂಜಾಡುತ್ತಿದ್ದನು; ಪಣ ರೋಗಿಯ ಪ್ರಾಣ.

ಈ ಜೂಜನ್ನು ನಿಲ್ಲಿಸಿದ ಕಾರ್ಲ್ ಲ್ಯಾಂಡ್‌ಸ್ಟೈನರನು 1868ರ ಜೂನ್ 14ರಂದು ಆಸ್ಟ್ರಿಯ ದೇಶದ ವಿಯೆನ್ನಾದ ಬಳಿ ಹುಟ್ಟಿದನು. ತಂದೆ ಹೆಸರಾಂತ ಪತ್ರಿಕೋದ್ಯಮಿ. ಮಗನಿಗೆ ಆರು ವರ್ಷವಾಗಿದ್ದಾಗಲೇ ಕಾಲವಾದನು. ಸಾಕಿದವಳು ತಾಯಿ ಫ್ಯಾನಿ. ಅವಳ ಮೇಲೆ ಇವನಿಗಿದ್ದ ಮಮತೆ ಎಷ್ಟೆಂದರೆ, ಅವಳು ತೀರಿದ ಮೇಲೆ ಮುಖದ ಅಚ್ಚು ತೆಗೆಸಿ ತನ್ನ ಕೋಣೆಯ ಗೋಡೆಗೆ ತೂಗುಹಾಕಿಕೊಂಡನು. ಸಾಯುವವರೆಗೂ ಅದು ಅಲ್ಲಿಯೇ ಇತ್ತು. 1891ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿ ಪಡೆದನು. ಹಣ ತರುವ ವೃತ್ತಿಗೆ ಇಳಿಯದೆ, ಎಮಿಲ್ ಫಿಷರನಂಥ ರಸಾಯನಶಾಸ್ತ್ರಜ್ಞರ ಬಳಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾದನು. ರೋಗವನ್ನು ರಸಾಯನದ ಕಣ್ಣಿನಿಂದ ನೋಡುವ ಅಭ್ಯಾಸ ಆತನಿಗೆ ಅಲ್ಲಿ ಬಂತು.

1898ರಿಂದ ಹತ್ತು ವರ್ಷ ಆತನ ಉದ್ಯೋಗ ಶವಪರೀಕ್ಷೆ. ಆ ಅವಧಿಯಲ್ಲಿ ಆತ ಕೊಯ್ದು ನೋಡಿದ ಶವಗಳು 3,600ಕ್ಕೂ ಹೆಚ್ಚು. ಇದು ಹೊಟ್ಟೆಪಾಡಿನ ಕೆಲಸ. ಉಳಿದ ವೇಳೆಯಲ್ಲಿ ಸ್ವಂತ ಪ್ರಯೋಗ. 1900ರಲ್ಲಿ ಬರೆದ ಪ್ರಬಂಧವೊಂದರ ಅಡಿಟಿಪ್ಪಣಿಯಲ್ಲಿ, ಆರೋಗ್ಯವಂತನೊಬ್ಬನ ರಕ್ತರಸವು ಇನ್ನೊಬ್ಬ ಆರೋಗ್ಯವಂತನ ಕೆಂಪುಕಣಗಳನ್ನು ಮುದ್ದೆಗಟ್ಟಿಸುವುದುಂಟೆಂದು ಸೂಚಿಸಿದನು. ರಕ್ತ ಹೀಗೆ ಮುದ್ದೆಗಟ್ಟುವುದನ್ನು ಇತರರೂ ನೋಡಿದ್ದರು. ಆದರೆ ಅದು ಯಾವುದೋ ರೋಗದ ಗುರುತೆಂದು ಬಗೆದು ಸುಮ್ಮನಾಗಿದ್ದರು. ಆತನದು ಅದೃಷ್ಟದ ಶೋಧವೆನ್ನುವವರ ಮಾತನ್ನು ನಾನು ಒಪ್ಪಲಾರೆ. ಅದೃಷ್ಟ ಎಲ್ಲರ ಕಣ್ಣಮುಂದೆಯೂ ಇತ್ತು. ರೋಗವಿಲ್ಲದವರಲ್ಲಿಯೂ ಹೀಗಾಗುವುದೇಕೆ ಎಂದು ಕೇಳಿದವನು ಈತ.

ಪ್ರಯೋಗ ಎಷ್ಟು ಸರಳವೆಂದರೆ ನಮ್ಮಂಥ ಕಲಾವಿಭಾಗದವರಿಗೂ ಅರ್ಥವಾಗುತ್ತದೆ. ತನ್ನ ಹಾಗೂ ಜೊತೆಗಾರರ ರಕ್ತ ತೆಗೆದನು. ಪ್ರತಿಯೊಂದರಲ್ಲಿಯೂ ರಸವನ್ನೂ ಕೆಂಪುಕಣಗಳನ್ನೂ ಬೇರ್ಪಡಿಸಿದನು. ಪ್ರತಿಯೊಬ್ಬನ ರಸಕ್ಕೆ ಪ್ರತಿಯೊಬ್ಬನ ಕಣಗಳನ್ನು ಸೇರಿಸಿ, ಎಲ್ಲಿ ಮುದ್ದೆಯಾಯಿತು, ಎಲ್ಲಿ ಆಗಲಿಲ್ಲವೆಂದು ಕೋಷ್ಟಕ ಬರೆದನು. ತನ್ನ ರಸ ತನ್ನ ಕಣಗಳನ್ನು ಎಂದೂ ಮುದ್ದೆಗಟ್ಟಿಸಲಿಲ್ಲ. ಆತನ ಸ್ವಂತ ಕಣಗಳನ್ನಂತೂ ಯಾರ ರಸವೂ ಮುಟ್ಟಲಿಲ್ಲ. ಒಟ್ಟು 22 ಜನರ ರಕ್ತ ನೋಡುವಷ್ಟರಲ್ಲಿ, ಅವ್ಯವಸ್ಥೆಯೆಂದು ಕಂಡದ್ದು ಮೂರು ಗುಂಪುಗಳಾಗಿ ನಿಂತಿತು. ಎ ಗುಂಪಿನ ರಸ ಬಿ ಕಣಗಳನ್ನು, ಬಿ ಗುಂಪಿನ ರಸ ಎ ಕಣಗಳನ್ನು ಮುದ್ದೆಗಟ್ಟಿಸಿತು; ಮೂರನೆಯದರ ರಸ ಎರಡನ್ನೂ ಮುದ್ದೆಗಟ್ಟಿಸಿದರೂ ಅದರ ಕಣಗಳಿಗೆ ಮಾತ್ರ ಏನೂ ಆಗಲಿಲ್ಲ. ಈ ಮೂರನೆಯದನ್ನು ಆತ ಸಿ ಎಂದು ಕರೆದನು. ಅದೇ ಈಗಿನ ಓ. ಎಬಿ ಎಂಬ ನಾಲ್ಕನೆಯದನ್ನು ಮರುವರ್ಷ ಡೆಕಾಸ್ಟೆಲ್ಲೋ ಮತ್ತು ಸ್ಟುರ್ಲಿ ಎಂಬವರು ಕಂಡುಹಿಡಿದರು. ಕೆಲವೇ ಪುಟಗಳ ಆ ಪ್ರಬಂಧ ವಿಯೆನ್ನಾದ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ದಿನವೇ ನಾನು ಮೇಲೆ ಹೇಳಿದ ತಾರೀಖು. ರಕ್ತ ಕೊಟ್ಟಾಗ ಒಮ್ಮೆ ಹಿತವೂ ಒಮ್ಮೆ ಅಹಿತವೂ ಆಗುವುದಕ್ಕೆ ಇದು ಕಾರಣವಾಗಿರಬಹುದೆಂಬ ಸೂಚನೆಯನ್ನು ಆತನು ಕೊನೆಯಲ್ಲಿ ಸಂಕೋಚದಿಂದಲೇ ಇಟ್ಟಿದ್ದನು.

ಆ ಸೂಚನೆಗೆ ಯಾರೂ ಓಡಿಬರಲಿಲ್ಲ. ನ್ಯೂಯಾರ್ಕಿನಲ್ಲಿ ಆಟನ್‌ಬರ್ಗ್ ಎಂಬ ತರುಣ ವೈದ್ಯನು 1907ರಲ್ಲಿ ಕೊಡುವವನ ರಕ್ತವನ್ನೂ ಪಡೆಯುವವನ ರಕ್ತವನ್ನೂ ಮೊದಲೇ ತಾಳೆ ನೋಡಿದನು. 1914–15ರಲ್ಲಿ ಸಿಟ್ರೇಟು ಬೆರೆಸಿ ರಕ್ತ ಹೆಪ್ಪುಗಟ್ಟದಂತೆ ಇಡುವ ಉಪಾಯ ಬಂತು. ಆಮೇಲೆ ಮಹಾಯುದ್ಧ ಬಂದು, ಗಾಯಾಳುಗಳ ರಕ್ತ ಹರಿದಾಗ ಲೋಕಕ್ಕೆ ಲ್ಯಾಂಡ್‌ಸ್ಟೈನರನ ಕೋಷ್ಟಕದ ನೆನಪಾಯಿತು. ನಡುವೆ ಗುಂಪುಗಳಿಗೆ ಅಂಕೆಯಿಟ್ಟವರಿಬ್ಬರು: ಯಾನ್ಸ್ಕಿಯ ಒಂದನೆಯ ಗುಂಪೇ ಮಾಸನ ನಾಲ್ಕನೆಯದು! ಆಸ್ಪತ್ರೆಯಲ್ಲಿ ಇಂಥ ಗೊಂದಲವೆಂದರೆ ಸಾವೇ. ಕೊನೆಗೆ ಅಕ್ಷರಗಳೇ ಗೆದ್ದವು.

ಇಷ್ಟರಲ್ಲಿ ಆತನು ಬೇರೆ ಕೆಲಸದಲ್ಲಿ ಮುಳುಗಿದ್ದನು. 1908ರಲ್ಲಿ ಪಾಪ್ಪರನೊಡನೆ, ಪೋಲಿಯೊ ರೋಗವನ್ನು ಕೋತಿಗಳಿಗೆ ಅಂಟಿಸಿ ತೋರಿಸಿದನು. ಪೋಲಿಯೊ ಲಸಿಕೆಯ ದಾರಿ ಅಲ್ಲಿಂದ ಹೊರಡುತ್ತದೆ. ಯುದ್ಧಾನಂತರದ ವಿಯೆನ್ನಾದಲ್ಲಿ ಅನ್ನಕ್ಕೂ ಸೌದೆಗೂ ತತ್ವಾರ. 1919ರಲ್ಲಿ ಹೆಂಡತಿ ಮತ್ತು ಪುಟ್ಟ ಮಗನನ್ನು ಕರೆದುಕೊಂಡು ಹಾಲೆಂಡಿನ ಹೇಗ್ ನಗರಕ್ಕೆ ಹೋಗಿ, ಐವತ್ತೊಂದರ ವಯಸ್ಸಿನಲ್ಲಿ, ಒಂದು ಸಣ್ಣ ಆಸ್ಪತ್ರೆಯಲ್ಲಿ ಮಲಮೂತ್ರ ಪರೀಕ್ಷಿಸುವ ಚಾಕರಿಗೆ ನಿಂತನು. ಅಲ್ಲಿಯೂ ಸಂಶೋಧನೆ ಬಿಡಲಿಲ್ಲ. 1923ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆ ಆತನನ್ನು ಕರೆಸಿಕೊಂಡಿತು. 1927ರಲ್ಲಿ ಲೆವೀನನೊಡನೆ ಎಂ, ಎನ್, ಪಿ ಎಂಬ ಬೇರೆ ರಕ್ತಲಕ್ಷಣಗಳನ್ನು ಕಂಡನು. ನೊಬೆಲ್ ಬಹುಮಾನ ಬಂದದ್ದು 1930ರಲ್ಲಿ. ಕೋಷ್ಟಕ ಬರೆದು ಇಪ್ಪತ್ತೊಂಬತ್ತು ವರ್ಷಗಳಾಗಿದ್ದವು. ಆತನಿಗೇನೋ ರಕ್ತದ ಗುಂಪುಗಳಿಗಿಂತ ತನ್ನ ರಾಸಾಯನಿಕ ಸಂಶೋಧನೆಯೇ ಹೆಚ್ಚೆನಿಸಿತ್ತು.

ಇಲ್ಲಿ ಇತಿಹಾಸದವನಾಗಿ ಒಂದು ಮಾತು. ಮೊದಲನೆಯ ಮಹಾಯುದ್ಧದಲ್ಲಿ ಹಿರ್ಷ್‌ಫೆಲ್ಡ್ ದಂಪತಿಗಳು ಸಲೋನಿಕಾದಲ್ಲಿ ನೆರೆದಿದ್ದ ನಾನಾ ದೇಶಗಳ ಸೈನಿಕರ ರಕ್ತ ಪರೀಕ್ಷಿಸಿದರು. ಅವರಲ್ಲಿ ನಮ್ಮ ಭಾರತದ ಸಿಪಾಯಿಗಳೂ ಇದ್ದರು. ಯೂರೋಪಿನವರಿಗಿಂತ ಇವರಲ್ಲಿ ಬಿ ಗುಂಪು ಹೆಚ್ಚೆಂದು ಕಂಡುಬಂತು. ಎಲ್ಲ ಗುಂಪುಗಳೂ ಎಲ್ಲ ಜನರಲ್ಲಿಯೂ ಇದ್ದವು, ಪ್ರಮಾಣ ಮಾತ್ರ ಬೇರೆ. ಆದರೂ ಜರ್ಮನಿಯಲ್ಲಿ 1926ರಲ್ಲಿ ರಕ್ತದ ಗುಂಪಿನಿಂದ ಜನಾಂಗದ ಮೇಲುಕೀಳನ್ನು ಅಳೆಯುವವರದೇ ಒಂದು ಸಂಘ ಹುಟ್ಟಿತು. ಆತನಿದ್ದ ಅಮೆರಿಕದಲ್ಲಿಯೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ರೆಡ್‌ಕ್ರಾಸಿನವರು ಕರಿಯರ ರಕ್ತವನ್ನು ಬೇರೆಯಾಗಿಯೇ ಇಡುತ್ತಿದ್ದರು. 1950ರವರೆಗೂ ಅದು ನಡೆಯಿತು. ಲ್ಯಾಂಡ್‌ಸ್ಟೈನರನೇ ಯಹೂದಿ ಮನೆತನದವನು, 1890ರಲ್ಲಿ ಕ್ಯಾಥೊಲಿಕನಾದವನು. ಅಮೆರಿಕದ ಯಹೂದಿ ಗಣ್ಯರ ಕೋಶದಲ್ಲಿ ತನ್ನ ಹೆಸರು ಸೇರಬಾರದೆಂದು 1937ರಲ್ಲಿ ನ್ಯಾಯಾಲಯಕ್ಕೂ ಹೋಗಿ ಸೋತನು. ಇದನ್ನು ನಾನು ಮೆಚ್ಚಲಾರೆ. ಆದರೆ ಆಗಿನ ಯೂರೋಪಿನ ಸ್ಥಿತಿ ಬಲ್ಲವನು ಆತನ ಭಯವನ್ನು ಹಗುರವಾಗಿ ಕಾಣಲಾರನು.

1939ರಲ್ಲಿ ನಿವೃತ್ತನಾದ ಮೇಲೂ ಪ್ರಯೋಗಶಾಲೆ ಬಿಡಲಿಲ್ಲ. 1940ರಲ್ಲಿ ವೀನರನೊಡನೆ ಸೇರಿ, ರೀಸಸ್ ಕೋತಿಯ ರಕ್ತಕಣಗಳನ್ನು ಮೊಲಕ್ಕೆ ಚುಚ್ಚಿ ಪಡೆದ ರಸವು ನ್ಯೂಯಾರ್ಕಿನ ಬಿಳಿಯರಲ್ಲಿ ನೂರಕ್ಕೆ 85 ಜನರ ಕಣಗಳನ್ನು ಮುದ್ದೆಗಟ್ಟಿಸುವುದೆಂದು ತೋರಿಸಿದನು. ಚೀಟಿಯ ಮೇಲಿನ ಪಾಸಿಟಿವ್, ನೆಗೆಟಿವ್ ಎಂಬ ಮಾತು ಬಂದದ್ದು ಇಲ್ಲಿಂದ. ತಾಯಿಗೂ ಬಸಿರಿನ ಮಗುವಿಗೂ ಈ ಗುಣದಲ್ಲಿ ಹೊಂದದಿದ್ದರೆ, ತಾಯಿಯ ರಕ್ತದಲ್ಲಿ ಹುಟ್ಟಿದ ವಿರೋಧವಸ್ತು ಮುಂದಿನ ಮಗುವಿನ ರಕ್ತವನ್ನು ಹಾಳುಮಾಡುವುದುಂಟು. ಅದನ್ನು ತಡೆಯುವ ಚುಚ್ಚುಮದ್ದು 1968ರಲ್ಲಿ ಬಂತು. ಗುಂಪುಗಳ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಓ ಎಂದು ತೋರಿದರೂ ಓ ರಕ್ತವನ್ನೂ ಸಹಿಸದ ವಿರಳ ಗುಂಪೊಂದನ್ನು ಡಾ. ಭೆಂಡೆ ಮತ್ತು ಸಂಗಡಿಗರು 1952ರಲ್ಲಿ ನಮ್ಮ ಮುಂಬಯಿಯಲ್ಲಿಯೇ ಕಂಡರು. ಅದಕ್ಕೆ ಬಾಂಬೆ ಗುಂಪೆಂದೇ ಹೆಸರು.

ಆತನು ಎತ್ತರದ ಆಳು, ಮಿತಭಾಷಿ. ಪಿಯಾನೊ ಚೆನ್ನಾಗಿ ನುಡಿಸುತ್ತಿದ್ದನು. ಕೊನೆಗಾಲದಲ್ಲಿ ಹೆಂಡತಿಗೆ ಕ್ಯಾನ್ಸರ್ ತಗಲಿದಾಗ, ಎಪ್ಪತ್ತು ದಾಟಿದ್ದ ಆತ ಆ ರೋಗದ ಅಧ್ಯಯನಕ್ಕೆ ತೊಡಗಿದನು. 1943ರ ಜೂನ್ 24ರಂದು ಪ್ರಯೋಗಶಾಲೆಯಲ್ಲಿ ಪಿಪೆಟ್ಟು ಕೈಯಲ್ಲಿರುವಾಗಲೇ ಹೃದಯಾಘಾತವಾಯಿತು, 26ರಂದು ತೀರಿಕೊಂಡನು. ಅದೇ ವರ್ಷದ ಡಿಸೆಂಬರಿನಲ್ಲಿ ಹೆಂಡತಿಯೂ ಹೋದಳು. ಆತ ತಿದ್ದುತ್ತಿದ್ದ ಗ್ರಂಥದ ಹೊಸ ಆವೃತ್ತಿ 1945ರಲ್ಲಿ ಅಚ್ಚಾಗಿ ಹೊರಬಂತು.