ಹಳೆ ಟಿಕೆಟ್, ತಂತಿ, ಮರದ ಚೂರಿನಲ್ಲಿ ಕಲೆ ಕಟ್ಟಿದ ಕರ್ಟ್ ಶ್ವಿಟರ್ಸ್

ಬಳಸಿ ಎಸೆದ ಟ್ರಾಮ್ ಟಿಕೆಟ್, ಮುರಿದ ಮರದ ಚೂರು, ತಂತಿ, ಹರಿದ ಬಟ್ಟೆ. ಇವೆಲ್ಲ ರದ್ದಿಯವನ ಗೋಣಿಚೀಲ ಸೇರಬೇಕಾದವು. ಜರ್ಮನಿಯ ಕಲಾವಿದ ಕರ್ಟ್ ಶ್ವಿಟರ್ಸ್ ನೂರು ವರ್ಷಗಳ ಹಿಂದೆಯೇ ಇವನ್ನು ಅಂಟಿಸಿ, ಮೊಳೆ ಹೊಡೆದು, ಮೇಲೆ ತೈಲವರ್ಣ ಬಳಿದು ಚಿತ್ರವಾಗಿಸಿದರು. ಇಂದು ಗ್ಯಾಲರಿಗಳಲ್ಲಿ 'ಮಿಶ್ರ ಮಾಧ್ಯಮ' ಎಂಬ ಚೀಟಿ ಹೊತ್ತ ಎಷ್ಟೋ ಕೃತಿಗಳಿಗೆ ಅವರು ಹಿರಿಯಜ್ಜನಿದ್ದಂತೆ.

ಹುಟ್ಟಿದ್ದು 1887ರಲ್ಲಿ, ಹ್ಯಾನೋವರ್ ನಗರದಲ್ಲಿ. ಡ್ರೆಸ್ಡೆನ್ ಅಕಾಡೆಮಿಯಲ್ಲಿ ಕಲಿತದ್ದು ಅಪ್ಪಟ ಸಾಂಪ್ರದಾಯಿಕ ಚಿತ್ರಕಲೆ. ಮೊದಲ ಮಹಾಯುದ್ಧದ ವೇಳೆ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ನಕ್ಷೆಗಾರನ ಕೆಲಸ ಸಿಕ್ಕಿತು. ಯಂತ್ರ, ಚಕ್ರಗಳ ನಂಟು ಬೆಳೆದದ್ದು ಅಲ್ಲೇ. ಯುದ್ಧದಲ್ಲಿ ದೇಶ ಸೋತು ಎಲ್ಲವೂ ಒಡೆದು ಬಿದ್ದಾಗ, ಆ ಚೂರುಗಳಿಂದಲೇ ಹೊಸದನ್ನು ಕಟ್ಟಬೇಕು ಎನ್ನುವುದು ಅವರ ನಿಲುವಾಯಿತು.

ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 1919ರ 'ತಿರುಗುವಿಕೆ' ಎಂಬ ಕೃತಿಯಿದೆ. ಕ್ಯಾನ್ವಾಸ್, ತೈಲವರ್ಣದ ಜೊತೆ ಮರ, ಲೋಹ, ಹಗ್ಗ, ರಟ್ಟು, ಉಣ್ಣೆ, ತಂತಿ, ಚರ್ಮ ಎಲ್ಲವೂ ಅದರಲ್ಲಿವೆ. ನೋಡುತ್ತಾ ನಿಂತರೆ ಯಂತ್ರದ ಒಳಭಾಗವೂ ಹೌದು, ಗ್ರಹಗಳ ಓಟವೂ ಹೌದು. ಇಂಥ ಕಲೆಗೆ ಅವರಿಟ್ಟ ಹೆಸರು 'ಮೆರ್ಟ್ಸ್'. ಅದೂ ಒಂದು ಚೂರೇ! ಬ್ಯಾಂಕೊಂದರ ಜಾಹೀರಾತಿನಲ್ಲಿದ್ದ, ವಾಣಿಜ್ಯ ಎಂಬ ಅರ್ಥದ 'ಕೊಮೆರ್ಟ್ಸ್' ಪದವನ್ನು ಕತ್ತರಿಸಿದಾಗ ಉಳಿದದ್ದು.

1920ರ ದಶಕದಲ್ಲಿ ಈ ಹುಚ್ಚು ಕ್ಯಾನ್ವಾಸ್ ದಾಟಿ ಮನೆಗೇ ಹಬ್ಬಿತು. ಹ್ಯಾನೋವರ್ ಮನೆಯ ಕೋಣೆಗಳ ಒಳಗೆ ಮರ, ಪ್ಲಾಸ್ಟರ್‌ನ ಕಂಬ, ಗುಹೆಗಳು ಎದ್ದವು. ಗೆಳೆಯರ ವಸ್ತುಗಳಿಗೂ ಅಲ್ಲಿ ಗೂಡುಗಳಿದ್ದವು. ಇದೇ 'ಮೆರ್ಟ್ಸ್‌ಬೌ'.

ನಾಜಿಗಳಿಗೆ ಇದು ಕೊಳೆತ ಕಲೆಯಾಗಿ ಕಂಡಿತು. 1937ರ ಆರಂಭದಲ್ಲಿ ಶ್ವಿಟರ್ಸ್ ನಾರ್ವೆಗೆ ಹೊರಟರು. ಪತ್ನಿ ಹೆಲ್ಮಾ ಹ್ಯಾನೋವರ್‌ನಲ್ಲೇ ಉಳಿದರು. 1940ರಲ್ಲಿ ಜರ್ಮನ್ ಸೇನೆ ನಾರ್ವೆಗೂ ನುಗ್ಗಿದಾಗ ಬ್ರಿಟನ್‌ಗೆ ಓಟ. ಅಲ್ಲಿ ಶತ್ರು ದೇಶದವರೆಂದು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಬಂಧನ. ಸಾಮಗ್ರಿ ಇಲ್ಲದಿದ್ದಾಗ ಉಳಿದ ಓಟ್ಸ್ ಗಂಜಿಯಲ್ಲೇ ಶಿಲ್ಪ ಮಾಡಿದರು. ಬೂಸ್ಟು ಹಿಡಿದ ಆ ಶಿಲ್ಪಗಳ ವಾಸನೆ ಸಹಬಂದಿಗಳಿಗೆ ಶಿಕ್ಷೆಯೇ ಆಗಿತ್ತು.

1943ರ ಅಕ್ಟೋಬರ್‌ನಲ್ಲಿ ಮಿತ್ರರಾಷ್ಟ್ರಗಳ ಬಾಂಬ್ ದಾಳಿಗೆ ಹ್ಯಾನೋವರ್ ಮನೆ ನೆಲಸಮವಾಯಿತು. ಮರುವರ್ಷ ಹೆಲ್ಮಾ ಕ್ಯಾನ್ಸರ್‌ನಿಂದ ತೀರಿಕೊಂಡರು. 1937ರಲ್ಲಿ ಬಿಟ್ಟುಹೋದ ಊರಿಗೆ ಶ್ವಿಟರ್ಸ್ ಮತ್ತೆ ಹಿಂದಿರುಗಲೇ ಇಲ್ಲ.

ಕೊನೆಯ ವರ್ಷಗಳು ಇಂಗ್ಲೆಂಡಿನ ಆಂಬಲ್‌ಸೈಡ್ ಎಂಬ ಪುಟ್ಟ ಊರಿನಲ್ಲಿ ಕಳೆದವು. ಊರಿನವರ ಭಾವಚಿತ್ರ, ಬೆಟ್ಟಗುಡ್ಡಗಳ ಚಿತ್ರ ಬರೆದು ಹೊಟ್ಟೆ ಹೊರೆದರು. ಡ್ರೆಸ್ಡೆನ್‌ನಲ್ಲಿ ಕಲಿತ ಹಳೆಯ ವಿದ್ಯೆ ಅನ್ನ ಕೊಟ್ಟಿತು. 1947ರಲ್ಲಿ ನ್ಯೂಯಾರ್ಕ್ ಸಂಗ್ರಹಾಲಯದ ನೆರವು ಬಂದಾಗ, ಹತ್ತಿರದ ಎಲ್ಟರ್‌ವಾಟರ್‌ನ ಕಲ್ಲಿನ ಕೊಟ್ಟಿಗೆಯೊಂದರಲ್ಲಿ ಮತ್ತೊಮ್ಮೆ ಕಟ್ಟಲು ಕೂತರು. ಆರೋಗ್ಯ ಅದಾಗಲೇ ಕೈಕೊಟ್ಟಿತ್ತು. ಒಂದು ಗೋಡೆಯಷ್ಟೇ ಸಾಧ್ಯವಾಯಿತು.

1948ರ ಜನವರಿ 8ರಂದು ನಿಧನ. ಬ್ರಿಟಿಷ್ ಪೌರತ್ವ ಮಂಜೂರಾದ ಸುದ್ದಿ ತಲುಪಿದ್ದು ಅದರ ಹಿಂದಿನ ದಿನ. ಆ ಗೋಡೆಯನ್ನು 1965ರಲ್ಲಿ ಇಡಿಯಾಗಿ ಬಿಡಿಸಿ ನ್ಯೂಕ್ಯಾಸಲ್‌ನ ಹ್ಯಾಟನ್ ಗ್ಯಾಲರಿಗೆ ಸಾಗಿಸಲಾಯಿತು. ಈಗಲೂ ಅಲ್ಲೇ ಇದೆ.