ತೋಟದಲ್ಲಿ ಬೀಜ ತೂಗಿದ ಡಾರ್ವಿನ್

ಚಾರ್ಲ್ಸ್ ಡಾರ್ವಿನ್ ಎಂದರೆ ನಮಗೆಲ್ಲ ನೆನಪಾಗುವುದು ವಿಜ್ಞಾನ ಪಾಠದ ಉದ್ದ ಗಡ್ಡದ ಹಿರಿಯರು. ಅವರು ಮನೆಯ ತೋಟದಲ್ಲಿ ಹೂಗಿಡ ಬೆಳೆಸಿ ಬೀಜ ಎಣಿಸುತ್ತಿದ್ದರೆಂಬುದು ನನಗೆ ತಿಳಿದದ್ದು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ.

1809ರ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಜನಿಸಿದ ಡಾರ್ವಿನ್ ಎಂಟನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ತಂದೆಯ ಆಸೆಯಂತೆ ವೈದ್ಯಕೀಯಕ್ಕೆ ಸೇರಿ, ಶಸ್ತ್ರಚಿಕಿತ್ಸೆ ನೋಡಲಾಗದೆ ಬಿಟ್ಟರು. 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಲೋಕ ಸುತ್ತಿದರು. 1842ರಲ್ಲಿ ಪತ್ನಿ ಎಮ್ಮಾರೊಂದಿಗೆ ಕೆಂಟ್ ಪ್ರಾಂತ್ಯದ ಡೌನ್ ಹಳ್ಳಿಗೆ ಬಂದು ಕೊನೆಯವರೆಗೂ ಅಲ್ಲೇ ನೆಲೆಸಿದರು. ಕಾಯಿಲೆ ಅವರನ್ನು ಬಿಡಲಿಲ್ಲ. 1851ರಲ್ಲಿ ಹತ್ತು ವರ್ಷದ ಮಗಳು ಆನ್ನಿ ತೀರಿಕೊಂಡಳು. ಆದರೂ ಕೆಲಸ ನಿಲ್ಲಲಿಲ್ಲ.

ಡೌನ್ ಸುಣ್ಣದ ಅಂಶವಿರುವ ನೆಲ. ಕೌಸ್ಲಿಪ್ ಆ ಸೀಮೆಯದೇ ಹೂವು. ಒಮ್ಮೆ ಬೇರೂರಿದರೆ ಪ್ರತಿ ವಸಂತದಲ್ಲಿ ಹಳದಿ ಗೊಂಚಲು ಬಿಡುತ್ತದೆ. ಅದಕ್ಕೆ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಬೀಜ ಮೊಳೆಯಲು ಚಳಿಗಾಲದ ತಂಪು ಬೇಕು. ಹೂ ಮುಗಿದ ಮೇಲೆ ಬುಡ ಬಿಡಿಸಿಯೂ ನೆಡಬಹುದು.

ಈ ಹೂಗಳಲ್ಲಿ ಎರಡು ಬಗೆ. ಕೆಲವು ಗಿಡಗಳಲ್ಲಿ ಶಲಾಕೆ ಉದ್ದ, ಕೇಸರ ಕೆಳಗೆ. ಉಳಿದವುಗಳಲ್ಲಿ ಇದರ ತಿರುಗುಮುರುಗು. ಗಿಡಗಳು ಹೆಣ್ಣು, ಗಂಡು ಎಂದು ಬೇರ್ಪಡುತ್ತಿವೆಯೆಂದು ಡಾರ್ವಿನ್ ಊಹಿಸಿದರು. ಹಾಗಿದ್ದರೆ ಉದ್ದ ಶಲಾಕೆಯವು ಹೆಚ್ಚು ಬೀಜ ಕೊಡಬೇಕು. ಗುರುತು ಹಾಕಿ, ಬೀಜ ತೂಗಿ ನೋಡಿದರೆ ಗಿಡ್ಡ ಶಲಾಕೆಯವೇ ಮುಂದಿದ್ದವು! ಊಹೆಯನ್ನು ಅಲ್ಲಿಗೇ ಕೈಬಿಟ್ಟರು.

ಮತ್ತೆ ಗಿಡಗಳಿಗೆ ಬಲೆ ಹೊದಿಸಿ ಕೀಟ ತಡೆದು, ಕೈಯಾರೆ ಪರಾಗ ಹಚ್ಚಿದರು. ಒಂದು ಬಗೆಯ ಪರಾಗ ಇನ್ನೊಂದು ಬಗೆಯ ಹೂವಿಗೆ ಸೇರಿದಾಗ ಬೀಜ ಹೆಚ್ಚು ಕಟ್ಟಿತು. ಎರಡು ಬಗೆಯ ಹೂವಿರುವುದು ಗಿಡಗಳು ಪರಸ್ಪರ ಬೆರೆಯಲೆಂದೇ ಎಂದು ಗೊತ್ತಾಯಿತು. 1861ರ ನವೆಂಬರ್‌ನಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಇದನ್ನು ಮಂಡಿಸಿದರು; 1877ರಲ್ಲಿ ಈ ಬಗ್ಗೆ ಪುಸ್ತಕವನ್ನೇ ಬರೆದರು. ತಮ್ಮ ವಿಜ್ಞಾನ ಜೀವನದಲ್ಲಿ ಇಷ್ಟು ತೃಪ್ತಿ ಕೊಟ್ಟ ಕೆಲಸ ಬೇರೊಂದಿಲ್ಲವೆಂದು ಆತ್ಮಕಥೆಯಲ್ಲಿ ನೆನೆದಿದ್ದಾರೆ. 1882ರ ಏಪ್ರಿಲ್ 19ರಂದು ಡೌನ್‌ನಲ್ಲೇ ನಿಧನರಾದರು.

ಸಾಫ್ಟ್‌ವೇರ್ ಕೆಲಸದಲ್ಲಿ ನಾವು ಬರೆದದ್ದನ್ನು ನಾವೇ ಪರೀಕ್ಷೆಗೆ ಒಡ್ಡಬೇಕು. ಇಷ್ಟಪಟ್ಟು ಬರೆದದ್ದನ್ನು ಅಳಿಸುವುದು ಕಷ್ಟ. ಆಗೆಲ್ಲ ನನಗೆ ಡಾರ್ವಿನ್ನರ ತಕ್ಕಡಿ ನೆನಪಾಗುತ್ತದೆ.

ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ಗುರುಗಳಲ್ಲಿ, ಊರ ಹಿರಿಯರಲ್ಲಿ ನನ್ನದೊಂದು ವಿನಂತಿ: ಶಾಲೆಯ ಅಂಗಳದಲ್ಲಿ ತರಗತಿಗೊಂದು ಪಾತಿ ಇರಲಿ. ನಮ್ಮ ಸೀಮೆಯದೇ ಹೂಗಿಡ ನೆಟ್ಟು, ಮಕ್ಕಳು ಅದಕ್ಕೆ ನೀರು ಹಾಕಲಿ, ಎಣಿಸಲಿ, ಕಂಡದ್ದನ್ನು ಬರೆದಿಡಲಿ. ಒಂದು ನೋಟ್‌ಬುಕ್ಕು, ಒಂದು ತಕ್ಕಡಿ ಇದ್ದರೆ ಸಾಕು.