ಬ್ಯಾಟರಿ ಮೇಲಿನ ವಿ ಯಾರದು?

ತಿಕೋಟಾದ ಗೆಳೆಯನ ಹಳೆ ಡಿಜಿಟಲ್ ಕ್ಯಾಮೆರಾಕ್ಕೆ ವಿಜಯಪುರದಲ್ಲಿ ಬೇರೆ ಕಂಪನಿ ಬ್ಯಾಟರಿ ತಂದ್ವಿ. ಹೆಸರು ಏನಾದ್ರೂ ಇರಲಿ, 3.7 ವಿ ಅನ್ನೋದು ಹಳೇದಕ್ಕೆ ಹೊಂದಲೇಬೇಕು. ಆ ವಿ ಅಲೆಸ್ಸಾಂಡ್ರೊ ವೋಲ್ಟಾನ ಗುರುತು.

1745ರಲ್ಲಿ ಇಟಲಿಯ ಕೋಮೋದಲ್ಲಿ ಹುಟ್ಟಿದ. ಸತ್ತ ಕಪ್ಪೆಯ ಕಾಲು ಅದುರಿದ್ದು ನೋಡಿ ಗಾಲ್ವಾನಿ, ವಿದ್ಯುತ್ತು ಪ್ರಾಣಿಯೊಳಗೇ ಇದೆ ಅಂದ. ವೋಲ್ಟಾ ಮೊದಲು ಒಪ್ಪಿದ, ಆಮೇಲೆ ತಾನೇ ಪ್ರಯೋಗ ಮಾಡಿ, ಎರಡು ಬೇರೆ ಲೋಹಗಳೇ ಕಾರಣ ಅಂತ ವಾದಕ್ಕಿಳಿದ. ಗಾಲ್ವಾನಿ 1798ರಲ್ಲಿ ತೀರಿಕೊಂಡ, ಪಾಪ, ಉತ್ತರ ನೋಡಲೇ ಇಲ್ಲ. 1800ರಲ್ಲಿ ವೋಲ್ಟಾ ಬೆಳ್ಳಿ, ಸತುವಿನ ಬಿಲ್ಲೆಗಳ ನಡುವೆ ಉಪ್ಪುನೀರಲ್ಲಿ ನೆನೆಸಿದ ರಟ್ಟು ಇಟ್ಟು, ರೊಟ್ಟಿ ಪೇರಿಸಿದಂಗೆ ಪೇರಿಸಿ ಬ್ಯಾಟರಿ ಮಾಡಿದ. ಕಪ್ಪೆಯೇ ಬೇಕಾಗಲಿಲ್ಲ! ಆದ್ರೆ ಕರೆಂಟ್ ರಾಸಾಯನಿಕ ಕ್ರಿಯೆಯಿಂದ ಬರ್ತದೆ ಅನ್ನೋದನ್ನ ಅವನೂ ಹಿಡೀಲಿಲ್ಲ. 1827ರಲ್ಲಿ ಕೋಮೋದಲ್ಲೇ ತೀರಿಕೊಂಡ. 1881ರ ಪ್ಯಾರಿಸ್ ಸಮ್ಮೇಳನದಲ್ಲಿ ಅಳತೆಗೆ ವೋಲ್ಟ್ ಅಂತ ಹೆಸರಾಯ್ತು.

ಬಬಲೇಶ್ವರದ ದಾರೀಲಿ ನಮ್ಮ ಕ್ಯಾಮೆರಾ ಆನ್ ಆಯ್ತು. ಎಷ್ಟು ಚಾರ್ಜ್ ಉಳಿದಿದೆ ಅಂತ ಮಾತ್ರ ಸರಿಯಾಗಿ ತೋರಿಸಲ್ಲ.